ಹೊಸ ದನಿಯ ಹಳೆಯ ಮನುಷ್ಯ

ಬೆಳಿಗ್ಗೆ ಏಳೂವರೆಗೆ ಕುಮಾರಸ್ವಾಮಿ ಲೇಔಟ್‌ನ ಯಾವ ಅಡ್ಡರಸ್ತೆಯಲ್ಲಿ ನಿಂತರೂ ಮೊದಲು ದನಿ ಬರುತ್ತದೆ, ಮನುಷ್ಯ ಆಮೇಲೆ ಬರುತ್ತಾನೆ. ಸೊಪ್ಪಿನಮ್ಮ ಮೂಲೆ ತಿರುಗುವ ಮೊದಲೇ ಅವರ ಕೂಗು ಮೂರನೇ ಮಹಡಿಯ ಬಾಲ್ಕನಿ ಮುಟ್ಟಿರುತ್ತದೆ. ಈರುಳ್ಳಿ ಗಾಡಿಯವನು ತನ್ನ ಕೂಗನ್ನು ಒಮ್ಮೆ ರೆಕಾರ್ಡ್ ಮಾಡಿ ಸ್ಪೀಕರಿಗೆ ಹಾಕಿಬಿಟ್ಟಿದ್ದಾನೆ. ಅವನ ಗಂಟಲಿಗೆ ಬಿಡುವು, ನಮ್ಮ ಕಿವಿಗೆ ಇಲ್ಲ. ದೇವಸ್ಥಾನದಲ್ಲಿ ಅರ್ಚಕರ ಮಂತ್ರ, ಶಾಲೆ ಬಸ್ಸಿನ ಆಯಾ ಮಕ್ಕಳನ್ನು ಹತ್ತಿಸುವ ಗದರಿಕೆ, ದಯಾನಂದ ಸಾಗರ್ ಕಾಲೇಜುಗಳತ್ತ ಹೊರಟ ಉಪನ್ಯಾಸಕರ ಮುಂದೆ ದಿನಕ್ಕೆ ನಾಲ್ಕು ತರಗತಿ. ಸಂಜೆಯಾದರೆ ಮನೆಮನೆಯಲ್ಲೂ ಟ್ಯೂಷನ್. ಈ ಬಡಾವಣೆಯಲ್ಲಿ ಎಷ್ಟೋ ಮನೆಗಳ ಅನ್ನ ಹುಟ್ಟುವುದು ಗಂಟಲಿನಲ್ಲಿ.

ಆ ಗಂಟಲು ಒಡೆದರೆ? ಮೊದಲು ಬಿಸಿನೀರು, ಆಮೇಲೆ ಕಷಾಯ, ಆಮೇಲೆ ಔಷಧಿ ಅಂಗಡಿಯ ಮಾತ್ರೆ. ಮೂರ್ನಾಲ್ಕು ವಾರವಾದರೂ ಸರಿಹೋಗದೆ ಇಎನ್‌ಟಿ ವೈದ್ಯರ ಬಳಿ ಹೋದಾಗ ಅವರು ಮೂಗಿನ ಮೂಲಕ ತೆಳ್ಳನೆಯ ಕ್ಯಾಮೆರಾ ಇಳಿಸಿ ನೋಡಿ, ಕೆಲವರಿಗೆ ಹೇಳುತ್ತಾರೆ: ಆಪರೇಷನ್ ಬೇಕಾಗಬಹುದು. ಇಲ್ಲಿಯವರೆಗಿನ ಕಥೆ ಹೆಚ್ಚಿನವರಿಗೆ ಗೊತ್ತು. ಆಪರೇಷನ್ ಆದ ಮೇಲಿನ ಕಥೆ ಅಷ್ಟಾಗಿ ಯಾರೂ ಹೇಳುವುದಿಲ್ಲ. ‘ಸಕ್ಸಸ್ ಆಯ್ತಂತೆ’ ಎಂಬಲ್ಲಿಗೆ ಬಂಧುಬಳಗದ ಆಸಕ್ತಿ ಮುಗಿದಿರುತ್ತದೆ. ಆ ದನಿಯೊಂದಿಗೆ ಬದುಕಬೇಕಾದವರಿಗೆ ಕಥೆ ಶುರುವಾಗುವುದೇ ಅಲ್ಲಿಂದ.

ಸೆಕೆಂಡಿಗೆ ಇನ್ನೂರು ಬಾರಿ

ಕತ್ತಿನ ಮುಂಭಾಗದಲ್ಲಿ ಬೆರಳಿಗೆ ಸಿಗುವ ಗಟ್ಟಿ ಮೃದ್ವಸ್ಥಿಯೇ ಧ್ವನಿಪೆಟ್ಟಿಗೆಯ ಹೊರಗೋಡೆ. ಒಳಗೆ ಎರಡು ಧ್ವನಿತಂತುಗಳಿವೆ. ತಂತು ಎಂದರೆ ವೀಣೆಯ ತಂತಿಯ ಚಿತ್ರ ಬರುತ್ತದೆ, ಆದರೆ ಇವು ಮಾಂಸಖಂಡದ ಮೇಲೆ ತೇವವಾದ ಮೃದು ಹೊದಿಕೆಯಿರುವ ಎರಡು ಮಡಿಕೆಗಳು. ಉದ್ದ ಎರಡು ಸೆಂಟಿಮೀಟರ್ ಆಸುಪಾಸು, ಹೆಂಗಸರಲ್ಲಿ ಇನ್ನೂ ಕಡಿಮೆ. ಉಸಿರಾಡುವಾಗ ತೆರೆದಿರುತ್ತವೆ. ಮಾತನಾಡುವಾಗ ಹತ್ತಿರ ಬಂದು, ಶ್ವಾಸಕೋಶದಿಂದ ಬರುವ ಗಾಳಿಗೆ ಅದುರುತ್ತವೆ. ಗಂಡಸರ ಸಾಮಾನ್ಯ ಮಾತಿನಲ್ಲಿ ಸೆಕೆಂಡಿಗೆ ನೂರಕ್ಕೂ ಸ್ವಲ್ಪ ಹೆಚ್ಚು ಬಾರಿ, ಹೆಂಗಸರಲ್ಲಿ ಇನ್ನೂರರ ಸುಮಾರಿಗೆ.

ನಲವತ್ತು ನಿಮಿಷ ಬಿಡದೆ ಪಾಠ ಮಾಡುವ ಶಿಕ್ಷಕಿಯ ಧ್ವನಿತಂತುಗಳು ಒಂದೇ ಪೀರಿಯಡ್‌ನಲ್ಲಿ ಲಕ್ಷಗಟ್ಟಲೆ ಬಾರಿ ಒಂದಕ್ಕೊಂದು ಬಡಿದುಕೊಂಡಿರುತ್ತವೆ. ಫ್ಯಾನಿನ ಸದ್ದು, ಪಕ್ಕದ ತರಗತಿಯ ಗಲಾಟೆ, ಕಿಟಕಿಯಾಚೆಯ ಹಾರ್ನ್, ಎಲ್ಲವನ್ನೂ ಮೀರಿಸಬೇಕೆಂದು ದನಿ ಏರಿಸಿದಷ್ಟೂ ಆ ಬಡಿತ ಜೋರು. ಅಂಗೈ ತಿಕ್ಕಿದಲ್ಲಿ ಜಡ್ಡುಗಟ್ಟುವ ಹಾಗೆ ಅಲ್ಲೂ ಗಂಟು ಬೀಳುತ್ತದೆ.

ಇಲ್ಲೊಂದು ಮಾತು ಹೇಳಿಯೇ ಮುಂದೆ ಹೋಗಬೇಕು. ನಾವು ಕುಡಿಯುವ ಶುಂಠಿ ಕಷಾಯವಾಗಲಿ, ಚಪ್ಪರಿಸುವ ಕಲ್ಲುಸಕ್ಕರೆ ಮೆಣಸಾಗಲಿ ಧ್ವನಿತಂತುಗಳನ್ನು ಮುಟ್ಟುವುದೇ ಇಲ್ಲ. ನುಂಗಿದ್ದೆಲ್ಲ ಹಿಂದಿನ ಅನ್ನನಾಳಕ್ಕೆ ಹೋಗುತ್ತದೆ. ಒಂದು ಹನಿ ತಂತುಗಳ ಮೇಲೆ ಬಿದ್ದರೆ ನೆತ್ತಿಗೆ ಹತ್ತಿ ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮುತ್ತೇವೆ. ಕಷಾಯ ಗಂಟಲಿಗೆ ಹಿತ ಕೊಡಬಹುದು, ಅಜ್ಜಿಗೆ ಸಮಾಧಾನವನ್ನಂತೂ ಕೊಡುತ್ತದೆ. ಗಂಟನ್ನು ಕರಗಿಸುವುದಿಲ್ಲ.

ಆಪರೇಷನ್ ಎಂಬ ಒಂದೇ ಹೆಸರು

‘ಗಂಟಲು ಆಪರೇಷನ್’ ಎಂಬ ಮಾತಿನೊಳಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹಲವು ಚಿಕಿತ್ಸೆಗಳು ಅಡಗಿವೆ. ಗಂಟು, ಪಾಲಿಪ್, ಸಿಸ್ಟ್‌ಗಳನ್ನು ಬಾಯಿಯ ಮೂಲಕವೇ ಸೂಕ್ಷ್ಮದರ್ಶಕ ಹಿಡಿದು ತೆಗೆಯುತ್ತಾರೆ. ಹೊರಗೆ ಗಾಯವೇ ಕಾಣದು. ಅದರಲ್ಲೂ ಸಾಮಾನ್ಯ ಗಂಟುಗಳಿಗೆ ಮೊದಲು ಸ್ಪೀಚ್ ಥೆರಪಿಯೇ ಮದ್ದು, ಚಾಕು ಅದಕ್ಕೆ ಜಗ್ಗದಿದ್ದರೆ ಮಾತ್ರ.

ಇನ್ನೊಂದು ಬಗೆ, ಒಂದು ತಂತುವಿನ ನರ ಸತ್ತು ಅದು ಅಲುಗದೆ ನಿಂತುಬಿಡುವುದು. ಥೈರಾಯ್ಡ್ ಆಪರೇಷನ್‌ನಲ್ಲಿ ನರಕ್ಕೆ ಪೆಟ್ಟಾಗಿರಬಹುದು. ಎಡಗಡೆಯ ನರವಂತೂ ವಿಚಿತ್ರ ದಾರಿಯದು: ಮೆದುಳಿನಿಂದ ಇಳಿದು, ಗಂಟಲನ್ನು ದಾಟಿ ಎದೆಯೊಳಕ್ಕೆ ಹೋಗಿ, ಹೃದಯದಿಂದ ಹೊರಡುವ ಮಹಾಪಧಮನಿಯನ್ನು ಬಳಸಿ ಮತ್ತೆ ಮೇಲೆ ಹತ್ತಿ ಧ್ವನಿಪೆಟ್ಟಿಗೆಗೆ ಬರುತ್ತದೆ. ಹಾಗಾಗಿಯೇ ಎದೆಯೊಳಗಿನ ಗಡ್ಡೆಯ ಮೊದಲ ಸುಳಿವು ಕೆಲವೊಮ್ಮೆ ದನಿಯಲ್ಲಿ ಸಿಗುತ್ತದೆ. ಅಲುಗದ ತಂತುವನ್ನು ನಡುವಿಗೆ ತಳ್ಳಿ, ಇನ್ನೊಂದು ಬಂದು ಮುಟ್ಟುವಂತೆ ಮಾಡುವ ಥೈರೋಪ್ಲಾಸ್ಟಿಯನ್ನು ಕ್ಯೋಟೋದ ಸರ್ಜನ್ ನೊಬುಹಿಕೊ ಇಸ್ಶಿಕಿ 1974ರಲ್ಲಿ ವಿವರಿಸಿದರು. ಧ್ವನಿಪೆಟ್ಟಿಗೆಯ ಗೋಡೆಯಲ್ಲಿ ಸಣ್ಣ ಕಿಟಕಿ ಕೊರೆದು, ಅದರೊಳಗೆ ಸಿಲಿಕೋನಿನ ತುಂಡೊಂದನ್ನು ಕೂರಿಸುವ ಕೆಲಸ.

ಈ ಆಪರೇಷನ್ನಿನ ಸೋಜಿಗವೆಂದರೆ ಸಾಮಾನ್ಯವಾಗಿ ರೋಗಿ ಎಚ್ಚರವಾಗಿಯೇ ಇರುತ್ತಾರೆ. ಕತ್ತಿನ ಭಾಗ ಮಾತ್ರ ಮರಗಟ್ಟಿರುತ್ತದೆ. ‘ಈ’ ಎನ್ನಿ, ಒಂದರಿಂದ ಹತ್ತು ಎಣಿಸಿ ಎಂದು ಹೇಳಿಸುತ್ತಾ, ಕೇಳುತ್ತಾ, ಸರ್ಜನ್ ಆ ತುಂಡನ್ನು ಕೂದಲೆಳೆಯಷ್ಟು ಒಳಗೆ ಹೊರಗೆ ಸರಿಸುತ್ತಾರೆ. ತಿಂಗಳುಗಟ್ಟಲೆ ಗಾಳಿಯಷ್ಟೇ ಬರುತ್ತಿದ್ದ ಬಾಯಿಂದ ‘ಆರು, ಏಳು’ ಎನ್ನುವಾಗ ದನಿ ಮೂಡಿದ್ದನ್ನು ರೋಗಿ ಆಪರೇಷನ್ ಟೇಬಲ್ಲಿನ ಮೇಲೆಯೇ ಕೇಳಿಸಿಕೊಳ್ಳುತ್ತಾರೆ. ಮರುದಿನ ಊತ ಬಂದು ಆ ದನಿ ಮತ್ತೆ ಮಂಕಾಗುತ್ತದೆ. ಇದನ್ನು ಮೊದಲೇ ಹೇಳಿರದಿದ್ದರೆ ಮನೆಯವರು ಗಾಬರಿ ಬೀಳುತ್ತಾರೆ.

ಮೌನದ ವಾರ

ಧ್ವನಿತಂತುವಿನ ಮೇಲೆ ಕೈಯಾಡಿಸಿದ ಬಳಿಕ ಕೆಲವು ದಿನ, ಹೆಚ್ಚಾಗಿ ಒಂದು ವಾರದವರೆಗೆ, ಪೂರ್ತಿ ಮೌನ ಹೇಳುತ್ತಾರೆ. ಪಿಸುಮಾತೂ ಬೇಡ ಎನ್ನುತ್ತಾರೆ, ಪಿಸುಗುಟ್ಟುವಾಗ ಹಲವರು ಗಂಟಲನ್ನು ಇನ್ನಷ್ಟು ಬಿಗಿಯುತ್ತಾರೆ. ಕೇಳುವುದಕ್ಕೆ ಸುಲಭದ ಪಥ್ಯ. ಮಾಡಿ ನೋಡಿದರೆ ಗೊತ್ತು. ಡೆಲಿವರಿ ಹುಡುಗ ಕೆಳಗಿನಿಂದ ಫೋನ್ ಮಾಡಿ ‘ಸಾರ್, ಯಾವ ಕ್ರಾಸು?’ ಎನ್ನುತ್ತಾನೆ. ಗ್ಯಾಸಿನವನು ಬಾಗಿಲಲ್ಲಿ ನಿಂತು ಒಟಿಪಿ ಕೇಳುತ್ತಾನೆ. ಆಟೋದವನಿಗೆ ಬನಶಂಕರಿ ಬಸ್ ಸ್ಟ್ಯಾಂಡ್ ಎಂದು ಚೀಟಿ ತೋರಿಸಿದರೆ ಅವನು ಎರಡು ಕೈಯನ್ನೂ ಹ್ಯಾಂಡಲಿನಿಂದ ತೆಗೆದು ಸನ್ನೆಯಲ್ಲಿ ಉತ್ತರಿಸುತ್ತಾನೆ.

ಒಂದು ತಮಾಷೆ ಎಲ್ಲೆಡೆಯೂ ನಡೆಯುತ್ತದೆ. ಮಾತನಾಡದವರ ಎದುರು ಜನರೂ ತಮ್ಮ ದನಿ ತಗ್ಗಿಸಿ ಪಿಸುಗುಡತೊಡಗುತ್ತಾರೆ. ಇಲ್ಲವೇ ಎದುರಿನವರಿಗೆ ಕಿವಿಯೂ ಕೇಳದೆಂದು ನಿರ್ಧರಿಸಿ ಬಿಡಿಸಿ ಬಿಡಿಸಿ ಕಿರಿಚುತ್ತಾರೆ. ದನಿ ಹೋದವರ ಬುದ್ಧಿಯೂ ಸ್ವಲ್ಪ ಮಂದವಾಗಿದೆ ಎಂಬ ಭಾವ ನಮ್ಮಲ್ಲಿ ಎಲ್ಲಿಂದ ಬಂತೋ, ಬ್ಯಾಂಕು ಕೌಂಟರಿನಿಂದ ಮದುವೆ ಮಂಟಪದವರೆಗೂ ಅದು ಕಾಣುತ್ತದೆ.

ಮೌನ ಮುಗಿದ ಮೇಲೆ ಥೆರಪಿ. ಉಸಿರನ್ನು ಹೇಗೆ ಬಿಡಬೇಕು, ಕತ್ತು ಬಿಗಿಯದೆ ಮಾತು ಹೇಗೆ ಎತ್ತಬೇಕು ಎಂಬುದನ್ನು ವಾರಗಟ್ಟಲೆ ಕಲಿಯಬೇಕು. ಬಿಲ್ಲು ಕಟ್ಟಿ ಮನೆಗೆ ಬಂದವರಲ್ಲಿ ಅನೇಕರು ಇದನ್ನು ಬಿಟ್ಟುಬಿಡುತ್ತಾರೆ, ಗಂಟು ಹೋಯಿತಲ್ಲ ಎಂದು. ಗಂಟನ್ನು ಮಾಡಿದ ಅಭ್ಯಾಸ ಹಾಗೇ ಉಳಿದಿರುತ್ತದೆ, ಜೂನ್‌ನಲ್ಲಿ ಶಾಲೆ ಶುರುವಾದರೆ ಅದೇ ಕೂಗು ಅದೇ ತರಗತಿಗೆ ಮರಳುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ ಈ ಚಿಕಿತ್ಸೆಯಲ್ಲಿ ಸರ್ಜನ್‌ನ ಪಾಲು ಅರ್ಧ. ಉಳಿದರ್ಧ ಥೆರಪಿಸ್ಟ್ ಮತ್ತು ರೋಗಿಯದು, ಆ ಅರ್ಧಕ್ಕೆ ನಾವು ದುಡ್ಡು, ಸಮಯ ಎರಡನ್ನೂ ಎತ್ತಿಡುವುದಿಲ್ಲ.

ಕನ್ನಡಿಗರ ಮಟ್ಟಿಗೆ ಇದಕ್ಕೆ ಸೌಲಭ್ಯದ ನೆಪ ಹೇಳುವುದು ಕಷ್ಟ. ವಾಕ್ ಮತ್ತು ಶ್ರವಣಕ್ಕೆಂದೇ ಇರುವ ರಾಷ್ಟ್ರೀಯ ಸಂಸ್ಥೆ 1965ರಲ್ಲಿ ಶುರುವಾದದ್ದು, ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ, ಜನ ಕರೆಯುವುದು ‘ಆಯಿಷ್’ ಎಂದು. ದಕ್ಷಿಣ ಬೆಂಗಳೂರಿನವರಿಗೆ ನಿಮ್ಹಾನ್ಸ್‌ನ ವಾಕ್ ವಿಭಾಗ ಹತ್ತಿರ. ಹೆಣ್ಣೂರು ರಸ್ತೆಯ ಕಡೆ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ.

ಗಂಗೂಬಾಯಿಯ ಎರಡನೇ ದನಿ

ಗಂಟಲ ಚಿಕಿತ್ಸೆಯ ಫಲದೊಂದಿಗೆ ಬದುಕಿದ ಕನ್ನಡಿಗರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಎದುರು ಸ್ವಾಗತಗೀತೆ ಹಾಡಿದ ಹುಡುಗಿ. 1930ರ ದಶಕದಲ್ಲಿ ‘ಗಾಂಧಾರಿ ಹಾನಗಲ್’ ಎಂಬ ಹೆಸರಿನಲ್ಲಿ ಬಂದ ಗ್ರಾಮಫೋನ್ ತಟ್ಟೆಗಳನ್ನು ಇಂದು ಕೇಳಿದರೆ ತೆಳುವಾದ, ಎತ್ತರದ, ಚುರುಕಾದ ಹೆಣ್ಣುದನಿ. ನಮಗೆ ಪರಿಚಯವಿರುವ, ಗುಡುಗಿನ ಗಂಭೀರ ಗಂಗೂಬಾಯಿ ಅಲ್ಲಿ ಇಲ್ಲ. ನಡುವೆ ಗಂಟಲಿನ ತೊಂದರೆ ಬಂತು, ಟಾನ್ಸಿಲ್‌ಗೆ ಚಿಕಿತ್ಸೆಯಾಯಿತು, ಆಮೇಲೆ ದನಿ ಕೆಳಗಿಳಿಯಿತು ಎಂದೇ ಅವರ ಬಗ್ಗೆ ಬರೆದವರು ಹಲವರು ಹೇಳಿದ್ದಾರೆ.

ಹೆಣ್ಣಿಗೆ ಕೋಗಿಲೆ ಕಂಠವೇ ಭೂಷಣ ಎಂದುಕೊಂಡಿದ್ದ ಕಾಲ ಅದು. ಗಂಗೂಬಾಯಿ ಕಳೆದುಹೋದ ದನಿಯ ಹಿಂದೆ ಹೋದವರಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರಲ್ಲಿ ಕಲಿತಿದ್ದ ಕಿರಾನಾ ಘರಾನೆಯ ನಿಧಾನ ಆಲಾಪಕ್ಕೆ ಈ ಭಾರವಾದ ದನಿ ಹೊಂದಿಕೊಂಡಿತು, ಅಥವಾ ಅವರು ಹೊಂದಿಸಿದರು. ಪಕ್ಕದಲ್ಲಿ ಕೂತು ದನಿಗೂಡಿಸುತ್ತಿದ್ದ ಮಗಳು ಕೃಷ್ಣಾ ಜತೆ ದಶಕಗಳ ಕಾಲ ಹಾಡಿದರು. 2002ರಲ್ಲಿ ಪದ್ಮವಿಭೂಷಣ. ತೊಂಬತ್ತು ದಾಟಿದ ಮೇಲೂ, 2006ರಲ್ಲಿ, ಕಛೇರಿ ಕೊಟ್ಟರು. 2009ರಲ್ಲಿ ತೀರಿಕೊಂಡಾಗ ನಾಡು ನೆನೆದದ್ದು ಆ ಎರಡನೇ ದನಿಯನ್ನು.

ಇದಕ್ಕೆ ತಿರುವುಮುರುವಾದ ಕಥೆ ಇಂಗ್ಲೆಂಡಿನ ಜೂಲಿ ಆ್ಯಂಡ್ರೂಸ್ ಅವರದು. ‘ದ ಸೌಂಡ್ ಆಫ್ ಮ್ಯೂಸಿಕ್’ ಚಿತ್ರದ ಆ ಗಾಯಕಿಗೆ 1997ರಲ್ಲಿ ಧ್ವನಿತಂತುವಿನ ಆಪರೇಷನ್ ಆಯಿತು, ಹಾಡುವ ದನಿ ಮರಳಲೇ ಇಲ್ಲ. ಕೋರ್ಟಿಗೆ ಹೋದರು, 2000ದಲ್ಲಿ ರಾಜಿಯಾಯಿತು. ಮಾತಿನ ದನಿ ಚೆನ್ನಾಗಿಯೇ ಉಳಿಯಿತು. ನಟನೆ, ಮಕ್ಕಳ ಪುಸ್ತಕಗಳತ್ತ ಹೊರಳಿದರು. ಬೇರೊಬ್ಬರಿಗಾದರೆ ಅದೇ ಗಂಟಲು ‘ಪೂರ್ತಿ ಗುಣ’ ಎನಿಸುತ್ತಿತ್ತು. ಆಪರೇಷನ್ ಗೆದ್ದಿತೋ ಸೋತಿತೋ ಎಂಬುದು ಆ ದನಿಯಿಂದ ಯಾವ ಕೆಲಸ ಆಗಬೇಕಿತ್ತು ಎಂಬುದರ ಮೇಲೆ ನಿಂತಿದೆ. ಧ್ವನಿ ವೈದ್ಯರೂ ಇದನ್ನು ಒಪ್ಪಿ, ಯಂತ್ರದ ಅಳತೆಗಳ ಜತೆಗೆ 1997ರಿಂದ 30 ಪ್ರಶ್ನೆಗಳ ಒಂದು ಪಟ್ಟಿಯನ್ನೂ ಬಳಸುತ್ತಾರೆ. ಗದ್ದಲದಲ್ಲಿ ನಿಮ್ಮ ಮಾತು ಕೇಳಿಸುತ್ತದೆಯೇ, ಫೋನ್ ಎತ್ತಲು ಹಿಂಜರಿಯುತ್ತೀರಾ, ದನಿಯಿಂದ ಸಂಪಾದನೆಗೆ ಪೆಟ್ಟಾಗಿದೆಯೇ ಎಂಬಂಥ ಪ್ರಶ್ನೆಗಳು.

‘ಅಮ್ಮ’ ಎನ್ನಲು ಕಷ್ಟ

ಎಲ್ಲಕ್ಕಿಂತ ತಲೆಕೆಡಿಸುವ ತೊಂದರೆ ಸ್ಪಾಸ್ಮೋಡಿಕ್ ಡಿಸ್ಫೋನಿಯಾ. ತಂತುಗಳು ನೋಡಲು ಚೆನ್ನಾಗಿಯೇ ಇರುತ್ತವೆ. ಮಾತು ಶುರುಮಾಡಿದೊಡನೆ ಅವು ಸೆಟೆದು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ದನಿ ಹಿಸುಕಿದಂತೆ ತುಂಡುತುಂಡಾಗಿ ಬರುತ್ತದೆ. ಸ್ವರದಿಂದ ಶುರುವಾಗುವ ಪದಗಳು ಇಂಥವರಿಗೆ ವಿಶೇಷವಾಗಿ ಕಷ್ಟ. ಅಮ್ಮ, ಅಣ್ಣ, ಅಕ್ಕ, ಅಜ್ಜಿ ಎಂದು ನಂಟಸ್ತಿಕೆಯೆಲ್ಲ ‘ಅ’ದಿಂದಲೇ ಶುರುವಾಗುವ ನಮ್ಮ ಮನೆಗಳಲ್ಲಿ ಅವರ ಪಾಡು ಊಹಿಸಿ. ಅದೇ ಮನುಷ್ಯ ನಗುವಾಗ, ಹಾಡು ಗುನುಗುವಾಗ, ನಾಯಿಯನ್ನು ಮುದ್ದಿಸುವಾಗ ದನಿ ಸಲೀಸು. ಫೋನ್ ಎತ್ತಿದರೆ ಮತ್ತೆ ಗಂಟಲು ಕಟ್ಟುತ್ತದೆ. ‘ಬೇಕೆಂದೇ ಮಾಡ್ತಾನೆ’, ‘ಟೆನ್ಷನ್ನು’ ಎಂದು ಜನ ಅನ್ನುವುದು ಇದರಿಂದ. ವೈದ್ಯಲೋಕವೂ ಬಹಳ ಕಾಲ ಇದನ್ನು ಮನಸ್ಸಿನ ಕಾಯಿಲೆಯೆಂದೇ ನೋಡಿತ್ತು. ಈಗ ನರಮಂಡಲದ ತೊಂದರೆ ಎಂದು ಒಪ್ಪಿದ್ದಾರೆ.

ಒಂದು ಬದಿಯ ನರವನ್ನೇ ಕತ್ತರಿಸಿ ನೋಡಿದ್ದನ್ನು 1976ರಲ್ಲಿ ಅಮೆರಿಕದ ಹರ್ಬರ್ಟ್ ಡೀಡೊ ಪ್ರಕಟಿಸಿದರು. ದನಿ ತಕ್ಷಣ ಸಡಿಲವಾಯಿತು, ದೊಡ್ಡ ಸುದ್ದಿಯಾಯಿತು. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಬಹಳ ಜನರಲ್ಲಿ ಸೆಳೆತ ಮರಳಿತ್ತು. 1984ರಲ್ಲಿ ನ್ಯೂಯಾರ್ಕಿನ ಆ್ಯಂಡ್ರೂ ಬ್ಲಿಟ್ಜರ್ ಬೊಟಾಕ್ಸ್ ಚುಚ್ಚುಮದ್ದು ಕೊಟ್ಟರು, ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು ಅದೇ. ಅದರೊಂದಿಗಿನ ಬದುಕಿಗೊಂದು ಲಯವಿದೆ: ಚುಚ್ಚಿಸಿಕೊಂಡ ಮೊದಲ ಒಂದೆರಡು ವಾರ ದನಿ ಬರೀ ಗಾಳಿ, ನೀರು ಕುಡಿದರೆ ಕೆಮ್ಮು, ಆಮೇಲೆ ಕೆಲವು ಒಳ್ಳೆಯ ವಾರಗಳು, ಮೂರ್ನಾಲ್ಕು ತಿಂಗಳಿಗೆ ಮತ್ತೆ ಬಿಗಿತ, ಮತ್ತೆ ಸೂಜಿ. ಮಗಳ ಮದುವೆಯ ಮುಹೂರ್ತ ಒಳ್ಳೆಯ ವಾರದಲ್ಲೇ ಬೀಳಲೆಂದು ಚುಚ್ಚುಮದ್ದಿನ ದಿನವನ್ನು ಎಣಿಸಿ ಗೊತ್ತುಮಾಡಿಕೊಳ್ಳುವುದುಂಟು.

ಪದೇಪದೇ ಸೂಜಿ ಬೇಡವೆನ್ನುವವರಿಗೆ ಇಸ್ಶಿಕಿಯವರದೇ ಇನ್ನೊಂದು ಬಗೆಯ ಥೈರೋಪ್ಲಾಸ್ಟಿ ಇದೆ. ಧ್ವನಿಪೆಟ್ಟಿಗೆಯ ಮುಂಗೋಡೆಯನ್ನು ನಡುವೆ ಸೀಳಿ, ಕೆಲವೇ ಮಿಲಿಮೀಟರ್ ಅಗಲಿಸಿ, ಟೈಟಾನಿಯಮ್ಮಿನ ಪುಟ್ಟ ಸೇತುವೆ ಕೂರಿಸುತ್ತಾರೆ. ತಂತುಗಳು ಇನ್ನೂ ಸೆಟೆಯುತ್ತವೆ, ಆದರೆ ಮೊದಲಿನಂತೆ ಒತ್ತಿ ಮುಚ್ಚಿಕೊಳ್ಳಲಾರವು. ಮೆದುಳಿನಲ್ಲಿರುವ ಮೂಲ ತೊಂದರೆ ಅಲ್ಲೇ ಇದೆ ಎಂಬುದನ್ನು ಮರೆಯಬಾರದು. ಮಾತು ಹರಿಯತೊಡಗಿದ್ದಕ್ಕೆ ಕೊಡಬೇಕಾದ ಬೆಲೆ ದನಿಯ ಜೋರು: ಕೂಗಲಾಗದು, ಹೋಟೆಲಿನ ಗದ್ದಲದಲ್ಲಿ ಮಾತು ಕೇಳಿಸದು. ಗುಮಾಸ್ತರಿಗೆ ಇದು ಲಾಭದ ವ್ಯವಹಾರ, ಸೊಪ್ಪಿನಮ್ಮನಿಗೆ ನಷ್ಟ.

ಪೆಟ್ಟಿಗೆಯೇ ಹೋದಾಗ

ಕ್ಯಾನ್ಸರ್ ಮುಂದುವರಿದಿದ್ದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ. ವಿಯೆನ್ನಾದಲ್ಲಿ ಥಿಯೊಡೊರ್ ಬಿಲ್‌ರೋತ್ 1873ರ ಡಿಸೆಂಬರ್ 31ರಂದು ಮೊದಲು ಮಾಡಿದ ಈ ಆಪರೇಷನ್, ಬೀಡಿ ಸಿಗರೇಟು ಬಿಡದ ನಮ್ಮ ನಾಡಿನಲ್ಲಿ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗಳ ನಿತ್ಯದ ಕೆಲಸಗಳಲ್ಲೊಂದು. ಶ್ವಾಸನಾಳದ ತುದಿಯನ್ನು ಕತ್ತಿನ ಮುಂದೆ ತೂತಾಗಿ ಹೊಲಿದಿರುತ್ತಾರೆ. ಇನ್ನು ಉಸಿರಾಟ ಅಲ್ಲಿಂದಲೇ, ಜೀವಮಾನಪೂರ್ತಿ.

ದನಿ ಹೋಗುವುದನ್ನು ಎಲ್ಲರೂ ಊಹಿಸುತ್ತಾರೆ. ಮೂಗಿನಲ್ಲಿ ಗಾಳಿಯಾಡದೆ ಒಗ್ಗರಣೆಯ ವಾಸನೆಯೂ ಹೋಗುತ್ತದೆ ಎಂಬುದು ಹೊಳೆಯುವುದಿಲ್ಲ. ಬಿಸಿ ಕಾಫಿಯನ್ನು ಊದಿ ಆರಿಸಲಾಗದು, ಸೊರ್ರನೆ ಹೀರಲಾಗದು. ಕೆಮ್ಮಿದರೆ ಕಫ ಬರುವುದು ಕತ್ತಿನಿಂದ. ತಲೆಗೆ ನೀರು ಹೊಯ್ದುಕೊಳ್ಳುವಾಗ ತೂತಿಗೆ ನೀರು ಹೋಗದಂತೆ ನೋಡಬೇಕು, ಕನಕಪುರ ರಸ್ತೆಯ ದೂಳಿಗೆ ಬಟ್ಟೆ ಮುಚ್ಚಬೇಕು. ರಸ್ತೆಯಲ್ಲಿ ಇಂಥವರು ಕುಸಿದು ಬಿದ್ದರೆ ಆಕ್ಸಿಜನ್ ಕೊಡಬೇಕಾದದ್ದು ಕತ್ತಿನ ತೂತಿಗೆ, ಮೂಗು ಬಾಯಿಗೆ ಕೊಟ್ಟರೆ ಶ್ವಾಸಕೋಶ ತಲುಪದು.

ಮಾತಿಗೆ ಮೂರು ದಾರಿ. ಗಾಳಿಯನ್ನು ಅನ್ನನಾಳಕ್ಕೆ ಎಳೆದು ತೇಗಿನಂತೆ ಬಿಡುತ್ತಾ ಮಾತಾಡುವುದು ಒಂದು, ಕಾಸು ಖರ್ಚಿಲ್ಲ, ಕಲಿಯಲು ಬಲು ಕಷ್ಟ. ಕತ್ತಿಗೆ ಒತ್ತಿ ಹಿಡಿಯುವ ಕಂಪನದ ಯಂತ್ರ ಇನ್ನೊಂದು. ಅದರಲ್ಲಿ ಮಾತು ಏರಿಳಿತವಿಲ್ಲದೆ ಝೇಂಕರಿಸುತ್ತದೆ, ‘ಕಾಳಿ’ ಹೋಗಿ ‘ಗಾಳಿ’ಯಂತೆ ಕೇಳುತ್ತದೆ. ಉಸಿರಿನ ‘ಹ’ಕಾರವಂತೂ ಹೊರಡುವುದೇ ಕಷ್ಟ. ಹಾಲನ್ನು ‘ಆಲು’ ಎಂದೇ ಅನ್ನುವ ಹಳೇ ಮೈಸೂರು ಕಡೆಯವರಿಗೆ ಇದೊಂದು ನಷ್ಟವೇ ಅಲ್ಲ ಬಿಡಿ.

ಮೂರನೆಯದು, ಶ್ವಾಸನಾಳ ಅನ್ನನಾಳಗಳ ನಡುವೆ ಸಣ್ಣ ರಂಧ್ರ ಮಾಡಿ ಒಮ್ಮುಖದ ಕವಾಟ ಕೂರಿಸುವುದು. ಅಮೆರಿಕದ ಸಿಂಗರ್ ಮತ್ತು ಬ್ಲಾಮ್ 1980ರಲ್ಲಿ ಪ್ರಕಟಿಸಿದ ವಿಧಾನ. ಬೆರಳಿನಿಂದ ಕತ್ತಿನ ತೂತು ಮುಚ್ಚಿದರೆ ಉಸಿರು ಕವಾಟದ ಮೂಲಕ ಗಂಟಲಿಗೆ ಹೋಗಿ ದನಿಯಾಗುತ್ತದೆ. ಮೂರರಲ್ಲಿ ಸಹಜ ಮಾತಿಗೆ ಹತ್ತಿರವಾದದ್ದು ಇದೇ. ಕವಾಟ ಮಾತ್ರ ತಿಂಗಳುಗಳಲ್ಲಿ ಹಾಳಾಗುತ್ತದೆ, ಬದಲಿಸುತ್ತಿರಬೇಕು. ಆಮದು ಕವಾಟಕ್ಕೆ ಹತ್ತಾರು ಸಾವಿರ ರೂಪಾಯಿ. ಕೂಲಿ ಮಾಡುವವರು ಒಂದನ್ನು ಹಾಕಿಸಿಕೊಂಡು, ಅದು ಸೋರತೊಡಗಿದ ಮೇಲೆ ಮತ್ತೆ ಮೂಕರಾಗುತ್ತಿದ್ದರು. ಬೆಂಗಳೂರಿನ ಕ್ಯಾನ್ಸರ್ ಸರ್ಜನ್ ಡಾ. ವಿಶಾಲ್ ರಾವ್ ತಮ್ಮ ಗೆಳೆಯ, ಉದ್ಯಮಿ ಶಶಾಂಕ್ ಮಹೇಶ್ ಜತೆ ಸೇರಿ ‘ಓಂ’ ಹೆಸರಿನ ಕವಾಟ ರೂಪಿಸಿ, ಬೆಲೆ ಐವತ್ತು ರೂಪಾಯಿ ಎಂದಾಗ ದೇಶವೆಲ್ಲ ಸುದ್ದಿಯಾದದ್ದು ಇದಕ್ಕೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಅಂಗವೈಕಲ್ಯಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವೂ ಒಂದು, ಧ್ವನಿಪೆಟ್ಟಿಗೆ ತೆಗೆಸಿಕೊಂಡ ಸ್ಥಿತಿಯನ್ನು ಕಾಯ್ದೆ ಹೆಸರಿಸಿಯೇ ಹೇಳಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು, ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿದ್ದರೆ ಹೆಚ್ಚಿನ ಸೌಲಭ್ಯಗಳಿಗೆ ದಾರಿ. ಕೈಕಾಲಿನ ಊನಕ್ಕೆ ಮಾತ್ರ ಸರ್ಟಿಫಿಕೇಟು ಎಂದುಕೊಂಡವರೇ ಇನ್ನೂ ಹೆಚ್ಚು.

ಹೋಗುವ ಮೊದಲು

ಆಪರೇಷನ್‌ಗೆ ಹೊರಟವರು ವೈದ್ಯರನ್ನು ‘ನನ್ನ ದನಿ ಸರಿಹೋಗುತ್ತಾ’ ಎಂದು ಕೇಳಿದರೆ ‘ಹೋಗುತ್ತೆ’ ಎಂಬ ಉತ್ತರವೇ ಸಿಗುತ್ತದೆ. ‘ಐವತ್ತು ಮಕ್ಕಳ ತರಗತಿಯಲ್ಲಿ ಮೈಕಿಲ್ಲದೆ ಪಾಠ ಮಾಡಬಲ್ಲೆನಾ’, ‘ದಿನಕ್ಕೆ ಎಂಟು ಗಂಟೆ ಫೋನ್‌ನಲ್ಲಿ ಮಾತಾಡುವ ಕೆಲಸ ಮಾಡಬಲ್ಲೆನಾ’, ‘ಭಜನೆಗೆ ಕೂರಬಹುದಾ’ ಎಂದು ಕೇಳಬೇಕು. ಉತ್ತರ ಅನುಮಾನದ್ದಾಗಿದ್ದರೆ, ಸೊಂಟಕ್ಕೆ ಕಟ್ಟುವ ಪುಟ್ಟ ಸ್ಪೀಕರಿನ ಮೈಕನ್ನು ಆಪರೇಷನ್‌ಗೆ ಮೊದಲೇ ಕೊಳ್ಳುವುದು ಜಾಣತನ. ಕೋಚಿಂಗ್ ಸೆಂಟರಿನವರು ಬಳಸುತ್ತಾರೆ, ಶಾಲೆಯವರಿಗೆ ಮಾತ್ರ ಅದೇನೋ ನಾಚಿಕೆ.

ಇನ್ನೊಂದು ಕೆಲಸಕ್ಕೆ ಖರ್ಚೇ ಇಲ್ಲ. ತನ್ನ ಹಳೆಯ ದನಿ ಹೇಗಿತ್ತು ಎಂಬುದು ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ, ಆಮೇಲೆ ಮನೆಯಲ್ಲಿ ಅದರ ಬಗ್ಗೆಯೇ ವಾದ. ಆದ್ದರಿಂದ ಮೊದಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟು, ತಿಂಗಳಿಗೊಮ್ಮೆ ಅದನ್ನೇ ಮತ್ತೆ ಹೇಳಿ ಹೋಲಿಸಿ ನೋಡಿ. ಪತ್ರಿಕೆಯ ಒಂದು ಪ್ಯಾರಾ, ಗೊತ್ತಿರುವ ಒಂದು ಪಲ್ಲವಿ, ಆಚೆ ಬೀದಿಯವರನ್ನು ಕರೆಯುವ ಒಂದು ಕೂಗು, ಕೊನೆಗೆ ಮಕ್ಕಳನ್ನು ಗದರುವ ನಾಲ್ಕು ಮಾತು. ಥೆರಪಿಸ್ಟ್‌ಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಬಹುಶಃ ಆ ಕೊನೆಯದೇ.